ಹಾಸಿಗೆ ಕಟ್ಟಿಕೊಂಡು ನೆಂಟರ ಮನೆಗೆ

ವಯಸ್ಸಾದ ಮೇಲೆ ನೆಂಟರ ಮನೆಯಲ್ಲಿ ಉಳಿಯುವುದು ಕಷ್ಟ. ರಾತ್ರಿ ಎರಡು ಸಲ ಏಳಬೇಕು, ಬಚ್ಚಲು ಹಿತ್ತಿಲ ಕೊನೆಯಲ್ಲಿರುತ್ತದೆ. ಕೆಲವರ ಮನೆಯಲ್ಲಿ ಮಲಗುವ ಕೋಣೆ ಮಹಡಿಯ ಮೇಲೆ, ಮೊಣಕಾಲು ಒಪ್ಪುವುದಿಲ್ಲ. ನಮ್ಮ ಯಜಮಾನರಿಗೆ ಇನ್ಸುಲಿನ್, ಇವರಿಗೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಆ ಮನೆಯವರೂ ನಮ್ಮ ಪ್ರಾಯದವರೇ. ನಮಗೆ ಮಂಚ ಬಿಟ್ಟುಕೊಟ್ಟು ತಾವು ಚಾಪೆಯಲ್ಲಿ ಮಲಗುತ್ತಾರೆ, ಅದನ್ನು ನೋಡಿ ನಮಗೆ ನಿದ್ರೆ ಬರುವುದಿಲ್ಲ. ಹೀಗಾಗಿ ಎಷ್ಟೋ ವರ್ಷ ನಾವು ಮದುವೆಗೂ ಉತ್ತರಕ್ರಿಯೆಯ ಬೊಜ್ಜಕ್ಕೂ ಮಾತ್ರ ಹೋಗಿ, ಊಟದ ಹಂತಿಯಲ್ಲಿ ಕುಳಿತಷ್ಟು ಹೊತ್ತು ಮಾತಾಡಿ, ಸಂಜೆಯ ಬಸ್ಸು ಹಿಡಿಯುತ್ತಿದ್ದೆವು.

ನಮ್ಮವರು ಹರಡಿಕೊಂಡದ್ದೂ ದೂರ ದೂರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಚಿಕ್ಕಮ್ಮನ ಮಗಳನ್ನು ಕೊಟ್ಟದ್ದು ತಾಳವಾಡಿಗೆ, ತಮಿಳುನಾಡಿನ ಈರೋಡು ಜಿಲ್ಲೆ. ಮಗಳು, ಅಳಿಯ ಇರುವುದು ಹೊಸೂರಿನಲ್ಲಿ. ನನ್ನ ಜೊತೆ ಟೀಚರ್ ಟ್ರೈನಿಂಗ್ ಮಾಡಿದ ಗೆಳತಿ ಗಂಡನ ಊರಾದ ಆಂಧ್ರದ ಮಡಕಶಿರದಲ್ಲಿ ನೆಲೆಸಿದ್ದಾಳೆ. ಇವರ ತಮ್ಮ ಮೀಸೆ ಮೂಡುವ ಪ್ರಾಯದಲ್ಲಿ ಹೋಟೆಲ್ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋದವ, ಅಲ್ಲೇ ಸ್ವಂತ ಹೋಟೆಲ್ ಮಾಡಿ ನಿಂತ. ಎಲ್ಲರೂ ಕನ್ನಡ ಆಡುವವರೇ, ಆದರೆ ಒಬ್ಬರ ರೇಷನ್ ಕಾರ್ಡೂ ಕರ್ನಾಟಕದ್ದಲ್ಲ. 1953ರಲ್ಲಿ ಆಂಧ್ರ ಆದಾಗ, 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಗಡಿಯಾಚೆ ಉಳಿದ ಊರುಗಳಲ್ಲೇ ನಮ್ಮ ಸಂಬಂಧಗಳೆಲ್ಲ ಇವೆ. ಈ ಎಲ್ಲರ ಅಂಗಳಕ್ಕೂ ಒಮ್ಮೆ ಹೋಗಿ, ಅವಸರವಿಲ್ಲದೆ ಕುಳಿತು ಬರಬೇಕು ಎಂಬುದು ನನ್ನ ಆಸೆ. ಗಾಡಿಯಲ್ಲೇ ಮಂಚ ಇದ್ದರೆ ಆದೀತು ಎಂದದ್ದು ಇವರು.

ಇವರು ಬಸ್ ಓಡಿಸಿ ನಿವೃತ್ತರಾದವರು. ಹೆವಿ ಲೈಸೆನ್ಸ್ ಇದೆ. ಅದನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು, ಕಣ್ಣು ಸರಿ ಇರಬೇಕು. ಕೇರಳದಲ್ಲಿ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ಬಂದಾಗ ಪೇಪರಿನಲ್ಲಿ ಕಂಡ ಗಾಡಿಗಳು ನಮ್ಮ ಪೆನ್ಶನ್ನಿಗೆ ನಿಲುಕುವಂಥವಲ್ಲ. ಹಾಗಾಗಿ ಓಡಿದ ಒಂದು ಟೆಂಪೋ ಟ್ರಾವೆಲರ್ ಕೊಂಡು, ಒಳಗನ್ನು ಬದಲಿಸಿದೆವು. ಹೀಗೆ ಮಾಡಹೊರಡುವವರು ಮೊದಲು ಆರ್‌ಟಿಓ ಆಫೀಸಿಗೆ ಹೋಗಬೇಕು, ಆಮೇಲೆ ಬಡಗಿಯ ಹತ್ತಿರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ವಾಹನದ ರೂಪ ಬದಲಿಸುವಂತಿಲ್ಲ. ಆರ್‌ಸಿಯಲ್ಲಿ ಸೀಟಿನ ಲೆಕ್ಕವೂ ಬಾಡಿಯ ನಮೂನೆಯೂ ತಿದ್ದುಪಡಿಯಾಗಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಅದಿಲ್ಲದಿದ್ದರೆ ಅಪಘಾತವಾದಾಗ ವಿಮೆಯ ಹಣ ಕೈಗೆ ಬರದೆ ಹೋಗಬಹುದು. ಕಾಗದದ ಕೆಲಸಕ್ಕೆ ಹಿಡಿದ ಸಮಯ ಮರದ ಕೆಲಸಕ್ಕೆ ಹಿಡಿಯಲಿಲ್ಲ.

ಒಳಗೆ ಹಿಂಬದಿಯಲ್ಲಿ ಅಡ್ಡಕ್ಕೆ ಮಂಚ, ನಡುವೆ ಉದ್ದದ ಬೆಂಚು, ಎದುರಿಗೆ ಅಡುಗೆಯ ಕಟ್ಟೆ. ಬೆಲ್ಟ್ ಇರುವ ಸೀಟು ನಾಲ್ಕು. ಇಬ್ಬರಿಗೆ ನಾಲ್ಕು ಯಾಕೆ ಎಂದು ನಾನು ಕೇಳಿದ್ದೆ, ಇರಲಿ ಎಂದರು. ನೂರು ಲೀಟರಿನ ನೀರಿನ ಟಾಂಕಿ ಎಂದರೆ ನೂರು ಕಿಲೋ ಭಾರ, ಅದನ್ನು ಚಕ್ರದ ಹತ್ತಿರ, ತಗ್ಗಿನಲ್ಲಿ ಇಡಿಸಿದರು. ತಿರುವಿನಲ್ಲಿ ಗಾಡಿ ವಾಲಬಾರದಲ್ಲ. ಮಾಡಿನ ಮೇಲೆ ಸೋಲಾರ್ ಹಲಗೆ, ಕೆಳಗೆ ಲಿಥಿಯಂ ಬ್ಯಾಟರಿ. ಫ್ಯಾನಿಗೂ ಲೈಟಿಗೂ ಸಣ್ಣ ಫ್ರಿಜ್ಜಿಗೂ ಅದು ಸಾಕು. ಇಂಡಕ್ಷನ್ ಒಲೆ ಇಟ್ಟರೆ ಗಂಜಿ ಬೇಯುವಷ್ಟರಲ್ಲಿ ಬ್ಯಾಟರಿ ಬತ್ತುತ್ತದೆ, ಅದಕ್ಕೆ ಐದು ಕಿಲೋದ ಗ್ಯಾಸ್ ಸಿಲಿಂಡರೇ ಒಳ್ಳೆಯದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿನ ಗೂಡಿಗೆ ತಳದಲ್ಲೇ ಹೊರಕ್ಕೆ ತೂತು ಬೇಕು. ಕಿಟಕಿ ತೆರೆದಿಟ್ಟರೆ ಸಾಕೆಂದು ಹೇಳುವವರ ಮಾತು ಕೇಳಬೇಡಿ.

ಫ್ರಿಜ್ಜಿನ ವಿಷಯದಲ್ಲಿ ನಾನು ಹಟ ಹಿಡಿದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ದಾರಿಯುದ್ದಕ್ಕೂ ಐಸ್ ಹುಡುಕುತ್ತ ಹೋಗುವ ಪ್ರಯಾಣ ನಮ್ಮ ಪ್ರಾಯದವರಿಗೆ ಆಗುವುದಿಲ್ಲ. ಇನ್ನೊಂದು ಕಾಸೆಟ್ ಟಾಯ್ಲೆಟ್. ಅದರ ಬಗ್ಗೆ ಕೇಳಲು ಎಲ್ಲರಿಗೂ ಸಂಕೋಚ, ಆದರೆ ಎಲ್ಲ ಹೆಂಗಸರಿಗೂ ಬೇಕಾದ ಮಾತು ಅದೇ. ಕೆಳಗೆ ಇಪ್ಪತ್ತು ಲೀಟರು ಹಿಡಿಯುವ ಪೆಟ್ಟಿಗೆ ಇರುತ್ತದೆ, ಹೊರಗಿನಿಂದ ಎಳೆದು ತೆಗೆಯಬಹುದು. ಇಬ್ಬರಿಗೆ ಮೂರು ದಿನ ಬರುತ್ತದೆ. ಆಮೇಲೆ ನೆಂಟರ ಮನೆಯ ಶೌಚಾಲಯದಲ್ಲೋ ಪೆಟ್ರೋಲ್ ಬಂಕಿನವರ ಒಪ್ಪಿಗೆ ಕೇಳಿ ಅಲ್ಲಿಯದರಲ್ಲೋ ಸುರಿದು ತೊಳೆಯಬೇಕು. ತೋಡಿಗೆ, ಗದ್ದೆಗೆ ಸುರಿಯಕೂಡದು. ಈ ಕೆಲಸವನ್ನು ದಾರಿಯುದ್ದಕ್ಕೂ ಇವರೇ ಮಾಡಿದರು, ಒಂದು ಸಲವೂ ಮುಖ ಸಿಂಡರಿಸಲಿಲ್ಲ.

ಧನುರ್ಮಾಸದಲ್ಲಿ ಹೊರಟೆವು. ಹಲಸಿನ ಹಪ್ಪಳ, ಮಾವಿನ ಮಿಡಿಯ ಭರಣಿ, ಕುಚ್ಚಲಕ್ಕಿ, ತೆಂಗಿನಕಾಯಿ ತುಂಬಿಕೊಂಡು ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ, ಅಲ್ಲಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಮೈಸೂರು, ಚಾಮರಾಜನಗರ. ಎತ್ತರದ ಗಾಡಿಗೆ ನಮ್ಮ ಕಡೆಯ ಒಳರಸ್ತೆಯ ಮರದ ಗೆಲ್ಲುಗಳೇ ಮೊದಲ ಪರೀಕ್ಷೆ. ನಾನು ಇಳಿದು ಮುಂದೆ ನಡೆದು, ತಂತಿ ಎಲ್ಲಿ ಜೋತಿದೆ, ಗೆಲ್ಲು ಎಲ್ಲಿ ತಾಗುತ್ತದೆ ಎಂದು ನೋಡಿ ಕೈ ಮಾಡುವುದು, ಇವರು ತೆವಳಿಸಿಕೊಂಡು ಬರುವುದು. ಘಾಟಿ ಹತ್ತಿದ ಮೇಲೆ ಗಾಡಿ ಕೈಗೆ ಬಂತು ಎಂದರು. ಮೈಸೂರಿನಲ್ಲಿ ನಿಲ್ಲಲಿಲ್ಲ.

ತಾಳವಾಡಿ ಘಟ್ಟದ ಮೇಲಿನ ಬಯಲು. ಚಾಮರಾಜನಗರದಿಂದ ಗಡಿ ದಾಟುವುದು ಗೊತ್ತೇ ಆಗುವುದಿಲ್ಲ, ಬೋರ್ಡಿನ ಅಕ್ಷರ ತಮಿಳಾಗುತ್ತದೆ, ಟೀ ಅಂಗಡಿಯ ಮಾತು ಕನ್ನಡವಾಗಿಯೇ ಉಳಿಯುತ್ತದೆ. ಅರಸಿನ, ಬಾಳೆ, ಚೆಂಡುಹೂವಿನ ಹೊಲಗಳ ನಡುವೆ ತಂಗಿಯ ಮನೆ. ಅವಳ ಮನೆಗೆ ನಾನು ಕೊನೆಯ ಸಲ ಹೋದದ್ದು ಅವಳ ಅತ್ತೆ ತೀರಿಕೊಂಡಾಗ. ಆಗ ಅವಳು ಒಲೆಯ ಮುಂದಿನಿಂದ ಏಳಲೇ ಇಲ್ಲ. ಈ ಸಲ ಗಾಡಿಯನ್ನು ಕಣದಲ್ಲಿ ನಿಲ್ಲಿಸಿ, ತಲೆಯ ಕಡೆ ಎತ್ತರವಾಗುವ ಹಾಗೆ ಎರಡು ಚಕ್ರಕ್ಕೆ ಹಲಗೆ ಕೊಟ್ಟು, ಗಂಜಿ ಬೇಯಿಸಿ, ಉಪ್ಪಿನಕಾಯಿ ಬಡಿಸಿ ಅವಳನ್ನೇ ಊಟಕ್ಕೆ ಕರೆದೆ. ಬೆಂಚಿನ ಮೇಲೆ ಕಾಲು ಮಡಿಸಿ ಕುಳಿತವಳು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ತವರಿನ ಅನ್ನವನ್ನು ತನ್ನ ಮನೆಯ ಅಂಗಳದಲ್ಲಿ ಬೇರೆಯವರ ಕೈಯಿಂದ ತಿಂದದ್ದು ಇದೇ ಮೊದಲು ಎಂದಳು. ಆ ರಾತ್ರಿ ಇವರು ಭಾವನ ಜೊತೆ ಜಗಲಿಯಲ್ಲಿ ಮಲಗಿದರು. ನಾವಿಬ್ಬರೂ ಗಾಡಿಯ ಮಂಚದಲ್ಲಿ ಅಜ್ಜನ ಮನೆಯ ಕೆರೆ, ಅಡಿಕೆಯ ಕಂಗು ಹತ್ತಿದ್ದು, ಯಾರು ಯಾರಿಗೆ ಹೆದರುತ್ತಿದ್ದೆವು ಎಂದೆಲ್ಲ ಮಾತಾಡುತ್ತ ಬೆಳಗು ಮಾಡಿದೆವು. ಈ ಒಂದು ರಾತ್ರಿಗೇ ಗಾಡಿಯ ದುಡ್ಡು ಸಂದಿತು.

ಹತ್ತಿರದ ದೊಡ್ಡ ಗಾಜನೂರಿಗೆ ಹೋಗಿ ರಾಜ್‌ಕುಮಾರ್ ಅವರ ಮನೆ ನೋಡಿದೆವು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕರೆದುಕೊಂಡು ಹೋದದ್ದು ಈ ಊರಿಂದಲೇ. ಬಿಡುಗಡೆಗೆ 108 ದಿನ ಕಾಯಬೇಕಾಯಿತು. ಆ ದಿನಗಳಲ್ಲಿ ಸಂಜೆಯಾದರೆ ಯಾರೂ ಹೊಲಕ್ಕೆ ಹೋಗುತ್ತಿರಲಿಲ್ಲ ಎಂದು ಭಾವ ಹೇಳಿದರು. ಗುಮಟಾಪುರದಲ್ಲಿ ದೀಪಾವಳಿಯ ಮರುದಿನಗಳಲ್ಲಿ ಸಗಣಿ ಎರಚಾಡುವ ಗೊರೆ ಹಬ್ಬ ಆಗುತ್ತದೆ, ಅದಕ್ಕೆ ಬನ್ನಿ ಎಂದೂ ಕರೆದರು.

ಅಲ್ಲಿಂದ ಇಳಿಯುವ ದಿಂಬಂ ಘಾಟಿಗೆ 27 ಹೇರ್‌ಪಿನ್ ತಿರುವು. ಸತ್ಯಮಂಗಲ ಹುಲಿ ರಕ್ಷಿತಾರಣ್ಯವಾದ್ದರಿಂದ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಬಿಸಿಲೇರಿದ ಮೇಲೆ, ಮಂಜು ಹರಿದು ರಸ್ತೆ ಕಾಣುವಾಗ ಇಳಿದೆವು. ಇವರು ಎರಡನೇ ಗೇರಿನಲ್ಲೇ ಬಿಟ್ಟು, ಎಂಜಿನ್ನಿನಿಂದಲೇ ವೇಗ ಹಿಡಿದರು. ಘಾಟಿ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ, ನೀರಿನ ಟಾಂಕಿ ತುಂಬಿದ ಗಾಡಿಗಂತೂ ಅಪಾಯ. ತಿರುವಿಗೆ ಮೊದಲು ಹಾರ್ನು, ಮೇಲೆ ಬರುವ ಲಾರಿಗೆ ದಾರಿ, ಮತ್ತೆ ಹಾರ್ನು. ಒಂದು ಮಾತೂ ಆಡಲಿಲ್ಲ. ಬಣ್ಣಾರಿ ಅಮ್ಮನ ಗುಡಿಯ ಹತ್ತಿರ ತಳ ಮುಟ್ಟಿ ಕೈ ಮುಗಿದ ಮೇಲೆಯೇ ನನ್ನ ಕಡೆ ನೋಡಿದ್ದು. ಮೂವತ್ತು ವರ್ಷ ಇವರು ಬಸ್ ಓಡಿಸುವಾಗ ನಾನು ಶಾಲೆಯಲ್ಲಿರುತ್ತಿದ್ದೆ. ಇವರ ಕೆಲಸ ಏನೆಂದು ಪಕ್ಕದಲ್ಲಿ ಕುಳಿತು ಕಂಡದ್ದು ಆ ಘಾಟಿಯಲ್ಲಿ.

ಭವಾನಿ, ಮೆಟ್ಟೂರು, ಧರ್ಮಪುರಿ ದಾಟಿ ಹೊಸೂರು. ಮಗಳ ಫ್ಲಾಟಿನಲ್ಲಿ ಗಾಡಿ ನಿಲ್ಲಿಸಲು ಸಂಘದವರು ಒಪ್ಪಲಿಲ್ಲ, ಚಂದ್ರಚೂಡೇಶ್ವರನ ಬೆಟ್ಟದ ಕಡೆ ಒಬ್ಬರು ಖಾಲಿ ಸೈಟು ಕೊಟ್ಟರು. ಮೊಮ್ಮಗ ಮಾತ್ರ ಫ್ಲಾಟು ಬಿಟ್ಟು ಗಾಡಿಯಲ್ಲೇ ಮಲಗಿದ. ಲೇಪಾಕ್ಷಿಗೂ ನಮ್ಮ ಜೊತೆ ಬಂದ, ಸುಮಾರು ಹದಿನೈದು ಅಡಿ ಎತ್ತರದ ಏಕಶಿಲೆಯ ಬಸವನನ್ನು ನೋಡಿ ಬಾಯಿ ಬಿಟ್ಟು ನಿಂತ, ವೀರಭದ್ರನ ಗುಡಿಯ ತೂಗು ಕಂಬದ ಅಡಿಗೆ ತನ್ನ ಕರವಸ್ತ್ರ ತೂರಿಸಿ ಎಳೆದ. ಹಿಂದೂಪುರಕ್ಕೆ ಬಂದು ಅವನ ಅಪ್ಪ ಕರೆದುಕೊಂಡು ಹೋದ.

ಮಡಕಶಿರದ ಗೆಳತಿ ನಮ್ಮನ್ನು ಹೇಮಾವತಿಗೆ ಕರೆದೊಯ್ದಳು. ಶಾಸನಗಳಲ್ಲಿ ಹೆಂಜೇರು ಎಂದು ಬರುವ ಊರು, ನೊಳಂಬ ಅರಸರ ರಾಜಧಾನಿ. ಅವರ ನಾಡಿನ ಹೆಸರು ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ, ಊರು ಎಲ್ಲಿದೆ ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹೋಗಿರಲಿಲ್ಲ. ಸಿದ್ಧೇಶ್ವರ ಗುಡಿಯೊಳಗೆ ಲಿಂಗದ ಬದಲು ಮನುಷ್ಯ ರೂಪದಲ್ಲಿ ಕುಳಿತ ಶಿವ. ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳಲ್ಲಿ, ಎಂದರೆ ಜಾಲರಿ ಕಿಟಕಿಗಳಲ್ಲಿ, ಕೊರೆದ ಬೊಂಬೆಗಳ ಸಂದಿಯಿಂದ ಬಿಸಿಲು ನೆಲಕ್ಕೆ ಬೀಳುತ್ತದೆ. ಸಾವಿರ ವರ್ಷಕ್ಕೂ ಹಿಂದಿನ ಕೆಲಸ. ಹಳೇಬೀಡಿಗೆ ಬಸ್ಸು ಬಸ್ಸಾಗಿ ಮಕ್ಕಳನ್ನು ಕರೆದೊಯ್ಯುವ ನಮ್ಮ ಶಾಲೆಗಳು ಒಂದು ಸಲ ಇಲ್ಲಿಗೂ ಬರಬೇಕು. ಈ ಊರು ಈಗ ಯಾವ ರಾಜ್ಯದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಪ್ರವಾಸದ ಪಟ್ಟಿಯಿಂದ ಬಿದ್ದುಹೋಗಿದೆ, ಅದು ನನಗೆ ನೋವು. ಗೆಳತಿ ಅಲ್ಲಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಸಂಜೆ ಗಾಡಿಯ ಬಾಗಿಲಲ್ಲಿ ಕುಳಿತು ಇಬ್ಬರೂ ಮಾತಾಡಿದ್ದು ಒಂದೇ: ಒಂದನೇ ತರಗತಿಗೆ ಈ ವರ್ಷ ಎಷ್ಟು ಮಕ್ಕಳು. ಅವಳ ಊರಿನಲ್ಲೂ ನಮ್ಮ ಊರಿನಲ್ಲೂ ಕೈಬೆರಳಲ್ಲಿ ಎಣಿಸುವಷ್ಟೇ.

ರಾಯದುರ್ಗ, ಆಲೂರು, ಆದೋನಿ: ಈ ಮೂರೂ ತಾಲೂಕು 1953ರ ಅಕ್ಟೋಬರಿನವರೆಗೆ ಬಳ್ಳಾರಿ ಜಿಲ್ಲೆಯವು. ಆದೋನಿಯ ಹತ್ತಿ ಮಾರುಕಟ್ಟೆಯ ಗದ್ದಲದಲ್ಲಿ ಎತ್ತಿನ ಗಾಡಿಗೂ ಲಾರಿಗೂ ನಡುವೆ ನಮ್ಮದನ್ನು ತೂರಿಸಿಕೊಂಡು, ರಾತ್ರಿಯ ಹೊತ್ತಿಗೆ ಮಂತ್ರಾಲಯ ಸೇರಿದೆವು. 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದ ಕ್ಷೇತ್ರ. ಯಾತ್ರಿಕರ ಬಸ್ಸುಗಳ ಸಾಲಿನಲ್ಲಿ ನಿಂತು ಮಲಗಿದೆವು. ಗೊತ್ತಿಲ್ಲದ ಊರಲ್ಲಿ ರಾತ್ರಿ ನಿಲ್ಲಲು ದೇವಸ್ಥಾನದ ಬಯಲು, ಇಲ್ಲವೇ ಬೆಳಕೂ ಕಾವಲೂ ಇರುವ ಪೆಟ್ರೋಲ್ ಬಂಕು. ಇಪ್ಪತ್ತು ಲೀಟರು ಡೀಸೆಲ್ ಹಾಕಿಸಿ, ಮ್ಯಾನೇಜರರ ಹತ್ತಿರ ಹೋಗಿ, ನಾವಿಬ್ಬರು ಮುದುಕರು, ಬೆಳಗ್ಗೆ ಹೊರಡುತ್ತೇವೆ ಎಂದರೆ ಬೇಡವೆಂದವರು ಒಬ್ಬರೂ ಇಲ್ಲ. ಒಂದು ಕಡೆ ಕಾವಲಿನ ಹುಡುಗ ಬೆಳಗ್ಗೆ ಬಿಸಿನೀರಿನ ಬಕೆಟ್ಟು ತಂದು ಬಾಗಿಲ ಹತ್ತಿರ ಇಟ್ಟಿದ್ದ.

ರಾಯಚೂರು, ವಿಜಯಪುರದ ದಾರಿಯಾಗಿ ಸೊಲ್ಲಾಪುರ ಮುಟ್ಟಿದ್ದು ಸಂಕ್ರಾಂತಿಗೆ ಮೊದಲು. ಮೈದುನನ ಮನೆ ಹೋಟೆಲಿನ ಮೇಲ್ಮಹಡಿ, ಕಡಿದಾದ ಮೆಟ್ಟಿಲು. ಅವನಿಗೂ ಮೊಣಕಾಲು. ಕೆಳಗಿಳಿದರೆ ಹತ್ತುವುದು ಕಷ್ಟವೆಂದು ಇಡೀ ದಿನ ಕಿಟಕಿಯಲ್ಲಿ ಕೂರುತ್ತಾನೆ. ಹೋಟೆಲನ್ನು ಮಗ ನೋಡಿಕೊಳ್ಳುತ್ತಾನೆ. ಗಾಡಿ ಹಿತ್ತಲಿನ ಗೇಟಿನಲ್ಲಿ ನಿಂತ ಮರುದಿನವೇ ಅವನು ಹಾಸಿಗೆ ಸಮೇತ ಕೆಳಗೆ ಬಂದ. ಅಣ್ಣ ತಮ್ಮ ಇಬ್ಬರೂ ಬೆಂಚಿನ ಮೇಲೆ ಕುಳಿತು ಬೆಳಗ್ಗೆಯಿಂದ ರಾತ್ರಿಯವರೆಗೆ ತುಳುವಿನಲ್ಲಿ ಮಾತಾಡಿದರು. ಗಿರಾಕಿಗಳ ಹತ್ತಿರ ಮರಾಠಿ, ನೇಕಾರರ ಹತ್ತಿರ ತೆಲುಗು, ಅಕ್ಕಪಕ್ಕದವರ ಹತ್ತಿರ ಅಲ್ಲಿಯ ಕನ್ನಡ ಆಡಿ ಆಡಿ, ತುಳು ಆಡಲು ಮನೆಯೊಳಗೆ ಹೆಂಡತಿ ಬಿಟ್ಟರೆ ಯಾರೂ ಇರಲಿಲ್ಲವಂತೆ.

ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ನೋಡಲೇಬೇಕಾದ್ದು. ಹನ್ನೆರಡನೇ ಶತಮಾನದ ಸೊನ್ನಲಿಗೆಯ ಸಿದ್ಧರಾಮ, ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದ ವಚನಕಾರ. ಕೆರೆ ತೋಡಿಸಿ, ಊರ ಸುತ್ತ 68 ಲಿಂಗ ಸ್ಥಾಪಿಸಿದವನು. ಅವನನ್ನು ಮದುವೆಯಾಗಲು ಬಯಸಿದ ಕುಂಬಾರರ ಕನ್ಯೆಗೆ ಅವನ ಯೋಗದಂಡದ ಜೊತೆ ಮದುವೆ ಆದದ್ದನ್ನು ಸಂಕ್ರಾಂತಿಯ ಮುನ್ನಾದಿನ ಅಕ್ಷತೆ ಹಾಕಿ ಪ್ರತಿವರ್ಷ ನಡೆಸುತ್ತಾರೆ. ಬಿಳಿಯ ಬಾರಾಬಂದಿ ತೊಟ್ಟ ಗಂಡಸರು ಏಳು ನಂದಿಧ್ವಜಗಳನ್ನು ಸೊಂಟಕ್ಕೆ ಕಟ್ಟಿಕೊಂಡು ನಿಭಾಯಿಸುತ್ತ ಬರುವಾಗ ಇಡೀ ಊರು ರಸ್ತೆಯಲ್ಲಿತ್ತು. ಅಕ್ಷತೆ ಎರಚುವ ಹೊತ್ತಿಗೆ ನನ್ನ ಪಕ್ಕದ ಮರಾಠಿ ಅಜ್ಜಿ ತನ್ನ ಮುಷ್ಟಿಯ ಅಕ್ಕಿಯಲ್ಲಿ ಅರ್ಧ ನನ್ನ ಕೈಗೆ ಹಾಕಿದಳು. ಅಕ್ಕಲಕೋಟೆಗೆ ಹೋಗಿ ಸ್ವಾಮಿ ಸಮರ್ಥರ ಆಲದ ಮರದ ಮಂದಿರದಲ್ಲಿ ಕುಳಿತು ಬಂದೆವು. ದಾರಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಪ್ರಕಟಿಸಿದ ಕನ್ನಡ ಪುಸ್ತಕ ತಿರುವಿ ನೋಡಿದೆ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಕೊಟ್ಟರು, ಅವು ಗಾಡಿಗೆಂದೇ ಹುಟ್ಟಿದ ಆಹಾರ, ವಾರಗಟ್ಟಲೆ ಕೆಡುವುದಿಲ್ಲ.

ಹೊರಡುವ ಹಿಂದಿನ ದಿನ ಮೈದುನ ಕೇಳಿದ: ಆ ಎರಡು ಸೀಟು ಖಾಲಿಯಾ? ರೈಲು ಬದಲಿಸಿ, ಸ್ಟೇಷನ್ನಿನ ಮೆಟ್ಟಿಲು ಹತ್ತಿಳಿದು ಊರಿಗೆ ಬರಲು ಧೈರ್ಯ ಸಾಲದೆ ಅವನು ಎಷ್ಟೋ ವರ್ಷದಿಂದ ಹಿರಿಯರ ತರವಾಡು ಮನೆ ನೋಡಿರಲಿಲ್ಲ. ಇವರು ಉತ್ತರ ಕೊಡದೆ ಹೋಗಿ ಸೀಟಿನ ಬೆಲ್ಟ್ ಸರಿಯಿದೆಯಾ ಎಂದು ಎಳೆದು ನೋಡಿದರು.

ಸೊಲ್ಲಾಪುರದಿಂದ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲೆಯವರೆಗೆ ಒಂದೇ ಹೆದ್ದಾರಿ, ರಾಷ್ಟ್ರೀಯ ಹೆದ್ದಾರಿ 52. ಅಲ್ಲಿಂದ 66. ನಾಲ್ಕು ಜನ ಆದ ಮೇಲೆ ಲೆಕ್ಕವೆಲ್ಲ ಬದಲಾಯಿತು. ನೀರು ದಿನಕ್ಕೊಮ್ಮೆ ತುಂಬಬೇಕು, ಕಾಸೆಟ್ಟೂ ದಿನ ಬಿಟ್ಟು ದಿನ. ಹೆಂಗಸರು ಮಂಚದಲ್ಲಿ, ಗಂಡಸರಲ್ಲಿ ಒಬ್ಬರು ಬೆಂಚಿನಲ್ಲಿ, ಒಬ್ಬರು ನೆಲದಲ್ಲಿ. ದಿನಕ್ಕೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸಲಿಲ್ಲ, ಎರಡು ತಾಸಿಗೊಮ್ಮೆ ಎಲ್ಲರೂ ಇಳಿದು ನಡೆದಾಡಬೇಕೆಂದು ಕಟ್ಟುನಿಟ್ಟು. ಇದು ನಮ್ಮ ಪ್ರಾಯದ ಎಲ್ಲರಿಗೂ ನಾನು ಹೇಳುವ ಮಾತು, ಕೂತಲ್ಲೇ ಕೂತರೆ ಕಾಲು ಬಾತುಕೊಳ್ಳುತ್ತದೆ. ಅರಬೈಲು ಘಟ್ಟ ಇಳಿದು ಅಂಕೋಲೆಯ ಹತ್ತಿರ ಸಮುದ್ರ ಕಂಡಾಗ ಮೈದುನ ಗಾಡಿ ನಿಲ್ಲಿಸಲು ಹೇಳಿ, ಎದುರು ಸೀಟಿಗೆ ಬಂದು ಕುಳಿತ. ಮುಂದಿನ ದಾರಿಯುದ್ದಕ್ಕೂ ಹೊಳೆಗಳ ಹೆಸರು ಹೇಳುತ್ತ ಬಂದ. ತಲಪಾಡಿ ದಾಟಿದ ಮೇಲೆ ಕುಂಬಳೆಯಲ್ಲಿ ಇಳಿದು ಎಳನೀರು ಕುಡಿದೆವು.

ಈಗ ಮೈದುನನೂ ಓರಗಿತ್ತಿಯೂ ನಮ್ಮಲ್ಲೇ ಇದ್ದಾರೆ. ಗಾಡಿ ಅಂಗಳದಲ್ಲಿದೆ, ಮೆಟ್ಟಿಲಿಲ್ಲದ್ದರಿಂದ ನಮ್ಮ ಮನೆಯ ಕೋಣೆ ಅವನಿಗೆ ಅನುಕೂಲ. ಮಧೂರಿಗೆ ಹೋಗಿ ಬಂದರು, ಯಕ್ಷಗಾನ ಇದ್ದ ರಾತ್ರಿ ಗಾಡಿಯನ್ನೇ ಗದ್ದೆಯ ಬದಿಗೆ ಕೊಂಡುಹೋಗಿ ನಿಲ್ಲಿಸಿದೆವು, ನಿದ್ರೆ ಬಂದವರು ಒಳಗೆ ಮಲಗಿದರು. ಶಿವರಾತ್ರಿ ಕಳೆದ ಮೇಲೆ ಬಿಟ್ಟು ಬರಲು ಹೋಗಬೇಕು. ಆ ಸಲ ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮನ ಗುಡಿಯೂ ಆಗಬೇಕು. ಅಷ್ಟರಲ್ಲಿ ಆ ಕಡೆ ಬಿಸಿಲು ಏರಿರುತ್ತದೆ, ಬೆಳಗ್ಗೆ ಐದಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲಿಸುವ ಹಾಗೆ ದಾರಿ ಹಂಚಿಕೊಂಡಿದ್ದೇವೆ. ಮಾಡಿಗೆ ಇನ್ನೊಂದು ಫ್ಯಾನು, ಒಂದು ಹೆಚ್ಚಿನ ಕಾಸೆಟ್ ಪೆಟ್ಟಿಗೆ ಹೇಳಿಸಿದೆ. ತಾಳವಾಡಿಯ ತಂಗಿ ಫೋನು ಮಾಡಿ, ತನ್ನನ್ನು ಯಾವಾಗ ಕರೆದುಕೊಂಡು ಬರುತ್ತೀರಿ ಎಂದು ಕೇಳಿದ್ದಾಳೆ. ಮಳೆಗಾಲಕ್ಕೆ ಮೊದಲೇ ಎಂದು ಇವರು ಒಪ್ಪಿಕೊಂಡಿದ್ದಾರೆ.